ಈ ಬಿಸಿಲಿನಲ್ಲಿ ಓವರ್‌ಕ್ಲಾಕ್ ಮಾಡಬಹುದೇ? ಕಲಬುರಗಿ ಕಡೆಯವರು ಅನುಭವ ಹೇಳಿ

ಸೇಡಂ ರಸ್ತೆ, ಕಲಬುರಗಿ:

ಎಲ್ಲರಿಗೂ ನಮಸ್ಕಾರ. ನನ್ನ ಬಳಿ ರೈಜನ್ 5 5600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 12 ಜಿಬಿಯ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್, 16 ಜಿಬಿಯ ಒಂದೇ ರ್‍ಯಾಮ್, 550 ವಾಟ್‌ನ ಎಸ್‌ಎಂಪಿಎಸ್ (ಕಂಪ್ಯೂಟರ್‌ಗೆ ವಿದ್ಯುತ್ ಕೊಡುವ ಪೆಟ್ಟಿಗೆ) ಇವೆ. ಪ್ರೊಸೆಸರ್‌ಗೆ ಪೆಟ್ಟಿಗೆಯಲ್ಲೇ ಬಂದ ಫ್ಯಾನ್. ಹಗಲು ಮಾವನ ಸ್ಟುಡಿಯೊದ ವಿಡಿಯೊ ಎಡಿಟಿಂಗ್, ರಾತ್ರಿ ಗೇಮ್. ಹೊಸ ಕಾರ್ಡ್‌ಗೆ ಈಗ ದುಡ್ಡಿಲ್ಲ; ಇರುವುದನ್ನೇ ಓವರ್‌ಕ್ಲಾಕ್ ಮಾಡಿ, ಅಂದರೆ ಕಂಪನಿ ಕೊಟ್ಟ ವೇಗಕ್ಕಿಂತ ಹೆಚ್ಚಿಗೆ ಓಡಿಸಿ, ಒಂದೆರಡು ವರ್ಷ ನೂಕೋಣ ಎಂದಿದ್ದೇನೆ. ವಿಡಿಯೊಗಳಲ್ಲಿ ಇದೇ ಪ್ರೊಸೆಸರನ್ನು 4.6 ಗಿಗಾಹರ್ಟ್ಸ್‌ಗೆ ಏರಿಸಿ ತೋರಿಸುತ್ತಾರೆ. ಆದರೆ ಅವರ ಕೋಣೆಯಲ್ಲಿ ಎಸಿ ಇರುತ್ತದೆ. ನನ್ನದು ಮಾಳಿಗೆಯ ಮೇಲಿನ ಕೋಣೆ. ಏಪ್ರಿಲ್ ಬಂತೆಂದರೆ ರಾತ್ರಿ ಹತ್ತಾದರೂ ಗೋಡೆ ಬಿಸಿಯಾಗಿಯೇ ಇರುತ್ತದೆ. ಹುಲ್ಲಿನ ಕೂಲರ್ ಒಂದೇ ಆಧಾರ. ಮಾಡಿ ನೋಡಿದವರು ದಯವಿಟ್ಟು ಹೇಳಿ.

ಬೀದರ್ ಕೋಟೆ:

ಧೈರ್ಯವಾಗಿ ಮಾಡಿ. ನನ್ನದು ಇಂಟೆಲ್ ಐ5-12600ಕೆ, ಝಡ್690 ಬೋರ್ಡ್, ಎತ್ತರದ ಹೀಟ್‌ಸಿಂಕ್ (ಪ್ರೊಸೆಸರ್‌ನ ಬಿಸಿ ಹೀರುವ ಲೋಹದ ಪಟ್ಟಿಗಳ ಗೂಡು). ಪ್ರೊಸೆಸರ್ ಒಳಗೆ ಲೆಕ್ಕ ಮಾಡುವ ಘಟಕಗಳಾದ ಕೋರ್‌ಗಳಲ್ಲಿ ದೊಡ್ಡವೆಲ್ಲವೂ ಒಟ್ಟಿಗೆ ದುಡಿಯುವಾಗ ಕಂಪನಿ ಕೊಟ್ಟ ವೇಗ 4.5, ನಾನು 5 ಗಿಗಾಹರ್ಟ್ಸ್‌ನಲ್ಲಿ ಓಡಿಸುತ್ತಿದ್ದೇನೆ. ಬಯೋಸ್‌ನಲ್ಲಿ (ಬೋರ್ಡ್‌ನ ಮೂಲ ಸೆಟ್ಟಿಂಗ್‌ಗಳ ಪರದೆ) ಒಂದು ಸಲಕ್ಕೆ 100 ಮೆಗಾಹರ್ಟ್ಸ್ ಮಾತ್ರ ಏರಿಸಬೇಕು, ಪ್ರತಿ ಸಲವೂ ಸಿನಿಬೆಂಚ್ ಆರ್23 ಎಂಬ ಪರೀಕ್ಷೆಯನ್ನು ಹತ್ತು ನಿಮಿಷ ಓಡಿಸಬೇಕು. ಎಲ್ಲಿ ತಡವರಿಸುತ್ತದೋ ಅಲ್ಲಿಂದ ಒಂದು ಮೆಟ್ಟಿಲು ಇಳಿದು ನಿಲ್ಲಬೇಕು. ಕಾಗದದ ಮೇಲೆ ಶೇ 11ರಷ್ಟು ಲಾಭ. ರೆಂಡರ್‌ನಲ್ಲಿ ಸಿಕ್ಕಿದ್ದು ಅದಕ್ಕಿಂತ ಕಡಿಮೆ, ಗೇಮ್‌ನಲ್ಲಿ ಇನ್ನೂ ಕಡಿಮೆ. ಆದರೂ ಮಜಾ ಇದೆ, ಅದನ್ನೇಕೆ ಮುಚ್ಚಿಡಬೇಕು?

ಬೋರ್ಡ್ ಬಗ್ಗೆ ಒಂದು ಮಾತು. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ 'ಕೆ' ಇರುವ ಪ್ರೊಸೆಸರ್ ಮತ್ತು ಝಡ್ ಸರಣಿಯ ಬೋರ್ಡ್ ಎರಡೂ ಬೇಕು. ರೈಜನ್ ಮಾಡುವ ಎಎಂಡಿಯಲ್ಲಿ ಎ320, ಎ520 ಬೋರ್ಡ್‌ಗಳು ಇದಕ್ಕೆ ಬಿಡುವುದಿಲ್ಲ. ನಿಮ್ಮ ಬಿ450 ಬಿಡುತ್ತದೆ.

ದುರಸ್ತಿ ಅಂಗಡಿ, ಸೂಪರ್ ಮಾರ್ಕೆಟ್:

ತಮ್ಮಾ, ಬೀದರಿನವರ ಮಾತು ಬೀದರಿಗೆ ಸರಿ. ಅವರದು ಎತ್ತರದ ಊರು, ನಮಗಿಂತ ಒಂದೆರಡು ಡಿಗ್ರಿ ಯಾವಾಗಲೂ ಕಡಿಮೆ. ಮೇಲಾಗಿ ಅವರ ಹೀಟ್‌ಸಿಂಕ್ ಬೇರೆ, ನಿನ್ನದು ಬೇರೆ. ನೀನು ಈ ಬೇಸಿಗೆಯಲ್ಲಿ ಮಾಡಬೇಕಾದದ್ದು ಓವರ್‌ಕ್ಲಾಕ್ ಅಲ್ಲ, ಅದರ ತಿರುವುಮುರುವು: ವೇಗವನ್ನು ಹಾಗೇ ಬಿಟ್ಟು ವೋಲ್ಟೇಜ್ ಇಳಿಸುವುದು. ಯಾಕೆಂದು ಹೇಳುತ್ತೇನೆ.

ಫ್ಯಾನ್ ಯಾವುದೇ ಇರಲಿ, ಅದು ಪ್ರೊಸೆಸರನ್ನು ಕೋಣೆಯ ಗಾಳಿಗಿಂತ ತಂಪು ಮಾಡಲಾರದು. ಗಾಳಿಗಿಂತ ಇಷ್ಟು ಡಿಗ್ರಿ ಮೇಲೆ ಎಂದು ಹಿಡಿದು ನಿಲ್ಲಿಸುತ್ತದೆ, ಅಷ್ಟೇ. ಎಸಿ ಕೋಣೆಯ 25 ಡಿಗ್ರಿಯಲ್ಲಿ 75 ತೋರಿಸುವ ಪ್ರೊಸೆಸರ್ ನಿನ್ನ 40 ಡಿಗ್ರಿಯ ಕೋಣೆಯಲ್ಲಿ 90 ತೋರಿಸುತ್ತದೆ. 5600ಕ್ಕೆ ಎಎಂಡಿ ಹೇಳಿರುವ ಗರಿಷ್ಠ ಮಿತಿಯೇ 90. ಅಲ್ಲಿಗೆ ಮುಟ್ಟಿದೊಡನೆ ಅದು ತಾನಾಗಿಯೇ ವೇಗ ಇಳಿಸುತ್ತದೆ. ನೀನು 4.6 ಎಂದು ಬರೆದಿಟ್ಟಿರುತ್ತೀಯೆ, ಅದು 4.1ರಲ್ಲಿ ಏದುಸಿರು ಬಿಡುತ್ತಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳನ್ನೇ ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುವ ಸೀಮೆ ನಮ್ಮದು. ಜನವರಿಯಲ್ಲಿ ಪರೀಕ್ಷೆ ಮಾಡಿ 'ಗಟ್ಟಿಯಾಗಿದೆ' ಎನ್ನುವವರ ಕಂಪ್ಯೂಟರ್‌ಗಳೇ ಮೇ ತಿಂಗಳಲ್ಲಿ ನನ್ನ ಮೇಜಿನ ಮೇಲೆ ಸಾಲಾಗಿ ಕೂರುತ್ತವೆ.

ಇನ್ನು ವೋಲ್ಟೇಜ್. ಚಿಪ್ ತಿನ್ನುವ ವಿದ್ಯುತ್ತು ವೇಗದ ಜೊತೆ ನೇರವಾಗಿ ಏರುತ್ತದೆ, ವೋಲ್ಟೇಜಿನ ಜೊತೆ ಅದರ ವರ್ಗದಂತೆ ಏರುತ್ತದೆ. 1.2 ವೋಲ್ಟ್‌ನಿಂದ 1.3ಕ್ಕೆ ಹೋದರೆ ಅಷ್ಟರಿಂದಲೇ ಶೇ 17 ಹೆಚ್ಚು. ಅದರ ಮೇಲೆ ವೇಗವನ್ನು ಶೇ 5 ಏರಿಸಿದರೆ ಒಟ್ಟು ಶೇ 23. ಐದು ಪಡೆಯಲು ಇಪ್ಪತ್ಮೂರು ತೆರುವ ವ್ಯಾಪಾರವನ್ನು ಗಂಜ್‌ನಲ್ಲಿ ಯಾವ ದಲಾಲನೂ ಒಪ್ಪುವುದಿಲ್ಲ. ಇಳಿಸುವಾಗ ಇದೇ ಲೆಕ್ಕ ನಿನ್ನ ಕಡೆಗೆ ತಿರುಗುತ್ತದೆ.

ಮೊದಲು ಪೆಟ್ಟಿಗೆ ಬಿಚ್ಚು. ಹೊರಗಿನಿಂದ ಫ್ಯಾನ್ ರೆಕ್ಕೆ ಚೊಕ್ಕಟವಾಗಿ ಕಂಡರೆ ನಂಬಬೇಡ. ಫ್ಯಾನನ್ನು ಬಿಚ್ಚಿ ಎತ್ತಿದರೆ ಕೆಳಗೆ ಹೀಟ್‌ಸಿಂಕ್‌ನ ಬಾಯಿಗೆ ಬೂದು ಬಣ್ಣದ ದಪ್ಪ ಪದರ ಕೂತಿರುತ್ತದೆ, ಉಗುರಿನಿಂದ ಎಬ್ಬಿಸಿದರೆ ಕಂಬಳಿಯ ತುಂಡಿನಂತೆ ಇಡಿಯಾಗಿ ಎದ್ದು ಬರುತ್ತದೆ. ತೊಗರಿ ರಾಶಿಯ ಕಾಲದ ಹೊಟ್ಟು, ರಸ್ತೆಯ ಧೂಳು, ಸೇಡಂ, ವಾಡಿ ಕಡೆಯವರಾದರೆ ಸಿಮೆಂಟಿನ ನುಣುಪು ಪುಡಿ, ಎಲ್ಲವೂ ಅದರಲ್ಲಿ. ಹುಲ್ಲಿನ ಕೂಲರ್ ಎದುರಿಗೇ ಸಿಪಿಯು ಪೆಟ್ಟಿಗೆ ಇಡುವವರದು ಇನ್ನೂ ಕಷ್ಟ: ಹಸಿ ಗಾಳಿಗೆ ಧೂಳು ಮೆತ್ತಿಕೊಳ್ಳುತ್ತದೆ, ಬ್ಲೋವರ್ ಹೊಡೆದರೂ ಹಾರುವುದಿಲ್ಲ. ಬೋರ್‌ವೆಲ್ ನೀರು ಹಾಕಿದ ಕೂಲರ್ ನೀರಿನ ಹನಿಯನ್ನೂ ಎರಚುತ್ತಿದ್ದರೆ ಅಲ್ಯೂಮಿನಿಯಂ ಮೇಲೆ ಬಿಳಿ ಉಪ್ಪು ಹಿಡಿದಿರುತ್ತದೆ. ಕೂಲರ್ ಗಾಳಿ ನಿನಗೆ ಬೀಸಲಿ, ಸಿಪಿಯುಗೆ ಬೇಡ. ಪೆಟ್ಟಿಗೆಯನ್ನು ಪಕ್ಕಕ್ಕಿಡು, ಕಿಟಕಿ ತೆರೆದಿರಲಿ. ಬ್ಲೋವರ್ ಹೊಡೆಯುವಾಗ ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದುಕೊ. ಪ್ರೊಸೆಸರ್ ಮತ್ತು ಹೀಟ್‌ಸಿಂಕ್ ನಡುವಿನ ಥರ್ಮಲ್ ಪೇಸ್ಟ್ ಒಣಗಿದ್ದರೆ ಒರೆಸಿ ಹೊಸದು ಹಾಕು.

ಎರಡನೆಯದು ರ್‍ಯಾಮ್. ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ ವೇಗ ನೋಡು. 3200ರ ರ್‍ಯಾಮ್ ಕೊಂಡು, ಬಯೋಸ್‌ನಲ್ಲಿ ಎಕ್ಸ್‌ಎಂಪಿ (ರ್‍ಯಾಮನ್ನು ಅದರ ಮೇಲೆ ಬರೆದ ವೇಗಕ್ಕೆ ತರುವ ಸೆಟ್ಟಿಂಗ್) ಆನ್ ಮಾಡದೆ 2400ರಲ್ಲಿ ವರ್ಷಗಟ್ಟಲೆ ಓಡಿಸುವವರು ಬಹಳ. ರೈಜನ್‌ನ ಒಳಗಿನ ಸಂಪರ್ಕದ ವೇಗ ರ್‍ಯಾಮಿನ ವೇಗಕ್ಕೇ ಕಟ್ಟಿಕೊಂಡಿರುತ್ತದೆ. 3200 ಆದರೆ 1600 ಮೆಗಾಹರ್ಟ್ಸ್, 3600 ಆದರೆ 1800. ಆದ್ದರಿಂದ ಏಟು ಎರಡು ಕಡೆ ಬೀಳುತ್ತದೆ. ನಿನ್ನದು ಒಂದೇ ರ್‍ಯಾಮ್ ಬೇರೆ, ಅಂದರೆ ಎರಡು ದಾರಿಗಳಲ್ಲಿ ಒಂದು ಮುಚ್ಚಿದೆ. ಅಂಥದ್ದೇ ಇನ್ನೊಂದು ಹಾಕಿದರೆ ಸಿಗುವ ಲಾಭ ಯಾವ ಓವರ್‌ಕ್ಲಾಕಿನಿಂದಲೂ ನಿನಗೆ ಸಿಗುವುದಿಲ್ಲ.

ಮೂರನೆಯದು ಪ್ರೊಸೆಸರ್. ಬಯೋಸ್‌ನ ಪಿಬಿಒ ಎಂಬ ಭಾಗದೊಳಗೆ ಕರ್ವ್ ಆಪ್ಟಿಮೈಜರ್ ಎಂದಿರುತ್ತದೆ, ವೋಲ್ಟೇಜ್ ಇಳಿಸುವುದು ಅದರಿಂದಲೇ. ಇಲ್ಲದಿದ್ದರೆ ಬಯೋಸ್ ಹಳೆಯದಿರಬಹುದು. ಎಲ್ಲ ಕೋರ್‌ಗೂ ನೆಗೆಟಿವ್ 10ರಿಂದ ಶುರು ಮಾಡು, ನಿಧಾನವಾಗಿ 20ರತ್ತ ಹೋಗು. 30 ಕೊನೆ. ಇದು ಕೆಟ್ಟರೆ ಪೂರ್ತಿ ಹೊರೆಯಲ್ಲಿ ಕೆಡುವುದು ಕಡಿಮೆ, ಸುಮ್ಮನೆ ಕೂತಾಗ ಕೆಡುವುದೇ ಹೆಚ್ಚು. ಸಿನಿಬೆಂಚ್ ಗಂಟೆಗಟ್ಟಲೆ ಓಡಿರುತ್ತದೆ, ಬ್ರೌಸರ್ ತೆರೆದಿಟ್ಟು ಚಹಾ ಕುಡಿದು ಬರುವಷ್ಟರಲ್ಲಿ ಕಂಪ್ಯೂಟರ್ ತಾನೇ ರೀಸ್ಟಾರ್ಟ್ ಆಗಿರುತ್ತದೆ. ಆದ್ದರಿಂದ ಒಂದು ವಾರ ಮಾಮೂಲಿ ಕೆಲಸ ಮಾಡಿ, ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ಡಬ್ಲ್ಯುಎಚ್‌ಇಎ (ಹಾರ್ಡ್‌ವೇರ್) ದೋಷಗಳು ಬಂದಿವೆಯೇ ನೋಡು. ಬಂದಿದ್ದರೆ ಐದು ಹಿಂದಕ್ಕೆ ಬಾ. ಇಷ್ಟಾದ ಮೇಲೆ ಪಿಪಿಟಿ ಎಂಬ ವಿದ್ಯುತ್ ಮಿತಿಯನ್ನು 76 ವಾಟ್‌ನಿಂದ 60ಕ್ಕೆ ಇಳಿಸು. ವೇಗ ಬಹುಪಾಲು ಹಾಗೇ ಉಳಿಯುತ್ತದೆ, ಬಿಸಿ ಇಳಿಯುತ್ತದೆ.

ಕೊನೆಗೆ ಕಾರ್ಡ್. ಆಫ್ಟರ್‌ಬರ್ನರ್ ಎಂಬ ತಂತ್ರಾಂಶದಲ್ಲಿ ಕಂಟ್ರೋಲ್ ಮತ್ತು ಎಫ್ ಒತ್ತಿದರೆ ಯಾವ ವೋಲ್ಟೇಜ್‌ಗೆ ಎಷ್ಟು ವೇಗ ಎಂಬ ಗೆರೆ ಕಾಣುತ್ತದೆ. 0.875 ವೋಲ್ಟ್‌ನ ಚುಕ್ಕಿಯನ್ನು 1800 ಮೆಗಾಹರ್ಟ್ಸ್‌ಗೆ ಎಳೆ, ಅದರ ಬಲಗಡೆಯ ಚುಕ್ಕಿಗಳೆಲ್ಲ ಅದೇ ಮಟ್ಟಕ್ಕೆ ಇರಲಿ, ಟಿಕ್ ಒತ್ತು. ಒಂದೊಂದು ಕಾರ್ಡಿನ ಹಣೆಬರಹ ಒಂದೊಂದು. ಚಿತ್ರ ಒಡೆದರೆ 1770ಕ್ಕೆ ಇಳಿಸು. 3060ರ ಮಿತಿ 170 ವಾಟ್. ಹೀಗೆ ಮಾಡಿದರೆ ಅದಕ್ಕಿಂತ ಎಷ್ಟೋ ಕೆಳಗೆ ಓಡುತ್ತದೆ, ಫ್ಯಾನ್ ಸದ್ದೂ ಕಡಿಮೆ.

ಹಳೆ ಗುಲಬರ್ಗಾ:

ಅಂಗಡಿಯವರ ಮಾತಿಗೆ ಹಿನ್ನೆಲೆ ಕೊಡುತ್ತೇನೆ. ನಮ್ಮ ಕಾಲದಲ್ಲಿ ಓವರ್‌ಕ್ಲಾಕ್ ಎಂದರೆ 1998ರ ಸೆಲೆರಾನ್ 300ಎ. ಬಸ್ (ಪ್ರೊಸೆಸರ್ ಮತ್ತು ಬೋರ್ಡ್ ನಡುವಿನ ದಾರಿ) ವೇಗವನ್ನು 66ರಿಂದ 100 ಮೆಗಾಹರ್ಟ್ಸ್‌ಗೆ ಬದಲಿಸಿದರೆ 300ರ ಚಿಪ್ 450ರಲ್ಲಿ ಓಡುತ್ತಿತ್ತು. ಅರ್ಧದಷ್ಟು ವೇಗ ಪುಕ್ಕಟೆ! ದುಬಾರಿ ಪೆಂಟಿಯಂ 2 ಕೊಂಡವರ ಮುಖ ನೋಡಬೇಕಿತ್ತು. ಈಗಿನ ಚಿಪ್‌ಗಳು ಉಷ್ಣತೆ, ವಿದ್ಯುತ್ತು ಎಲ್ಲವನ್ನೂ ಕ್ಷಣಕ್ಷಣಕ್ಕೂ ಅಳೆದುಕೊಂಡು ತಮ್ಮನ್ನು ತಾವೇ ಗರಿಷ್ಠಕ್ಕೆ ಏರಿಸಿಕೊಳ್ಳುತ್ತವೆ. ಕಂಪನಿಯವರೇ ತಳ ಕೆರೆದು ಬಡಿಸಿದ ಮೇಲೆ ನಮಗೆಲ್ಲಿ ಉಳಿಯಬೇಕು? ಅತಿಯಾದರೆ ಏನಾಗುತ್ತದೆ ಎಂಬುದನ್ನೂ 2024ರಲ್ಲಿ ಕಂಡೆವು. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ದೊಡ್ಡ ಪ್ರೊಸೆಸರ್‌ಗಳು ಮಿತಿಮೀರಿದ ವೋಲ್ಟೇಜಿನಿಂದ ಸವೆದು ತಡವರಿಸತೊಡಗಿದವು. ಕಂಪನಿ ಆ ಆಗಸ್ಟ್‌ನಲ್ಲಿ ಮೈಕ್ರೊಕೋಡ್ (ಪ್ರೊಸೆಸರ್ ಒಳಗಿನ ಸೂಚನೆಗಳ) ತಿದ್ದುಪಡಿ ಹೊರಡಿಸಿತು, ವಾರಂಟಿಯನ್ನೂ ಎರಡು ವರ್ಷ ವಿಸ್ತರಿಸಿತು. ಅಂಥ ಪ್ರೊಸೆಸರ್ ಇರುವವರು ಬೇರೆ ಏನೂ ಮಾಡುವ ಮೊದಲು ಬಯೋಸ್ ಹೊಸದು ಮಾಡಿಕೊಳ್ಳಲಿ.

ಭೀಮಾತೀರ, ಯಾದಗಿರಿ:

ನಾನು ಮದುವೆ ವಿಡಿಯೊ ಮಾಡುವವನು, ಆ ಕಡೆಯಿಂದ ಹೇಳುತ್ತೇನೆ. ನಮ್ಮ ಕೆಲಸದ ಭರಾಟೆ ಇರುವುದೇ ಏಪ್ರಿಲ್, ಮೇ ತಿಂಗಳಲ್ಲಿ. ಮೂರು ಗಂಟೆಯ ವಿಡಿಯೊ ರಾತ್ರಿಯೆಲ್ಲ ಎಕ್ಸ್‌ಪೋರ್ಟ್ ಆಗಿ ಬೆಳಗಿನ ಜಾವ ಶೇ 93ರಲ್ಲಿ ನಿಂತರೆ ಹುಡುಗಿಯ ತಂದೆಗೆ ಗಿಗಾಹರ್ಟ್ಸ್ ವಿವರಿಸಲು ಆಗುವುದಿಲ್ಲ. ಕಾರ್ಡಿನ ವೇಗ ಏರಿಸಿದರೆ ಎಕ್ಸ್‌ಪೋರ್ಟ್ ಬೇಗ ಆಗುತ್ತದೆ ಎಂಬುದೂ ಅರ್ಧ ನಿಜ. ಎನ್‌ವಿಡಿಯಾ ಕಾರ್ಡ್‌ನಲ್ಲಿ ವಿಡಿಯೊ ಎನ್‌ಕೋಡ್ ಮಾಡುವ ಭಾಗವೇ ಬೇರೆ. ಗೇಮ್‌ಗೆ ದುಡಿಯುವ ಕೋರ್‌ಗಳನ್ನು ಏರಿಸಿದರೆ ಅದಕ್ಕೆ ಹೆಚ್ಚೇನೂ ಉಪಕಾರವಿಲ್ಲ. ಟೈಮ್‌ಲೈನ್ ತಡವರಿಸುತ್ತಿದೆ ಎಂದಾದರೆ ಪ್ರಾಕ್ಸಿ ಫೈಲ್ (ಎಡಿಟಿಂಗ್‌ಗೆಂದು ಮಾಡಿದ ಹಗುರ ನಕಲು) ಮಾಡಿಕೊಳ್ಳಿ, 4ಕೆ ದೃಶ್ಯವೂ ಬೆಣ್ಣೆಯಲ್ಲಿ ಕೂದಲೆಳೆದ ಹಾಗೆ ಓಡುತ್ತದೆ.

ರ್‍ಯಾಮನ್ನು ಅದರ ಮೇಲೆ ಬರೆದ ವೇಗಕ್ಕಿಂತ ಏರಿಸುವ ಆಸೆ ಮಾತ್ರ ಬೇಡ. ಪ್ರೊಸೆಸರ್ ಕೆಟ್ಟರೆ ಕಂಪ್ಯೂಟರ್ ನಿಂತು ಗೊತ್ತುಮಾಡುತ್ತದೆ. ರ್‍ಯಾಮ್ ತಪ್ಪಿದರೆ ಸದ್ದಿಲ್ಲದೆ ಫೈಲ್ ಕೆಡುತ್ತದೆ, ಗೊತ್ತಾಗುವುದು ಹಾರ್ಡ್‌ಡಿಸ್ಕ್‌ಗೆ ನಕಲು ಮಾಡಿ ಮೂಲ ಅಳಿಸಿದ ಮೇಲೆ. ಎಕ್ಸ್‌ಎಂಪಿ ಆನ್ ಮಾಡಿದರೂ ಒಂದು ರಾತ್ರಿ ರ್‍ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಓಡಿಸಿಯೇ ಕೆಲಸಕ್ಕೆ ಕೂರಬೇಕು.

ಸೇಡಂ ರಸ್ತೆ, ಕಲಬುರಗಿ:

ಅಂಗಡಿಯ ಅಣ್ಣನವರೆ, ಬಹಳ ಉಪಕಾರವಾಯಿತು. ಇನ್ನೆರಡು ಸಂದೇಹ. ಕರೆಂಟ್ ಹೋಗಿ ಬಂದು ಮಾಡುವಾಗ ಬಯೋಸ್ ಮುಟ್ಟಬಹುದೇ? ನನ್ನ 600 ವಿಎ ಯುಪಿಎಸ್ ಗೇಮ್ ಆಡುವಾಗ ಕರೆಂಟ್ ಹೋದರೆ ಕೀರೆಂದು ಕೂಗಿ ಒಮ್ಮೆಲೇ ಆರಿಹೋಗುತ್ತದೆ. ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ಮೆನ್ನುವುದೂ ಇದೆ.

ದುರಸ್ತಿ ಅಂಗಡಿ, ಸೂಪರ್ ಮಾರ್ಕೆಟ್:

ಬಯೋಸ್‌ನ ಸೆಟ್ಟಿಂಗ್ ಬದಲಿಸುವಾಗ ಕರೆಂಟ್ ಹೋದರೆ ಹೆದರಬೇಕಿಲ್ಲ. ಬಯೋಸನ್ನೇ ಅಪ್‌ಡೇಟ್ ಮಾಡುವಾಗ ಹೋಗಬಾರದು. ಬೋರ್ಡ್ ಅಲ್ಲಿಗೇ ಮಲಗಬಹುದು. ಯುಪಿಎಸ್ ಮೇಲೆ, ಬೆಳಿಗ್ಗೆ, ಗಾಳಿಮಳೆ ಇಲ್ಲದ ದಿನ ಮಾಡು.

600 ವಿಎ ಎಂದು ಬರೆದ ಹೆಚ್ಚಿನ ಯುಪಿಎಸ್‌ಗಳು ಕೊಡುವುದು 360 ವಾಟ್. ನಿನ್ನ ಕಾರ್ಡ್ 170, ಪ್ರೊಸೆಸರ್ 76, ಉಳಿದದ್ದಕ್ಕೆ ನಲವತ್ತು; ಎಸ್‌ಎಂಪಿಎಸ್ ತಾನೇ ತಿನ್ನುವ ಪಾಲನ್ನೂ ಮಾನಿಟರನ್ನೂ ಸೇರಿಸಿದರೆ ಅಂಚಿಗೇ ಬಂದು ನಿಲ್ಲುತ್ತದೆ. ಓವರ್‌ಕ್ಲಾಕ್ ಮಾಡಿದ್ದರೆ ಖಂಡಿತ ದಾಟುತ್ತಿತ್ತು. ವೋಲ್ಟೇಜ್ ಇಳಿಸಿದ ಮೇಲೆ ಅದೇ ಯುಪಿಎಸ್ ಫೈಲ್ ಉಳಿಸಿ ಆರಿಸುವಷ್ಟು ಹೊತ್ತು ತಾಳಬಹುದು. ಬ್ಯಾಟರಿ ಹಳೆಯದಾಗಿದ್ದರೆ ಯಾವ ಲೆಕ್ಕವೂ ನಡೆಯುವುದಿಲ್ಲ.

ಕೈ ಜುಮ್ಮೆನ್ನುವುದು ಅರ್ತಿಂಗ್ ದೋಷ, ಮೊದಲು ಅದನ್ನು ಸರಿಮಾಡಿಸು. ಬೇಸಿಗೆಯಲ್ಲಿ ಅರ್ತಿಂಗ್ ಗುಂಡಿಯ ಮಣ್ಣು ಒಣಗಿ ಬಿರಿದಿರುತ್ತದೆ. ನೀರು ಹಾಕಿಸು, ಎಲೆಕ್ಟ್ರಿಷಿಯನ್ ಕರೆಸಿ ತಂತಿಯ ಜೋಡಣೆ ನೋಡಿಸು, ಮೂರು ಪಿನ್ನಿನ ಸಾಕೆಟ್‌ನಲ್ಲಿ ಮೂರನೆಯದಕ್ಕೆ ತಂತಿ ಇದೆಯೇ ಎಂಬುದನ್ನೂ ನೋಡಿಸು. ಎಷ್ಟೋ ಮನೆಗಳಲ್ಲಿ ಇರುವುದಿಲ್ಲ.

ಸೇಡಂ ರಸ್ತೆ, ಕಲಬುರಗಿ:

ಮಾಡಿದ್ದನ್ನು ಬರೆಯುತ್ತೇನೆ, ಮುಂದಿನವರಿಗೆ ಅನುಕೂಲವಾಗಲಿ. ಸಾಕೆಟ್‌ನಲ್ಲಿ ಮೂರನೇ ತಂತಿ ಇರಲೇ ಇಲ್ಲ, ಹಾಕಿಸಿದೆ. ಹೀಟ್‌ಸಿಂಕ್‌ನಿಂದ ಎದ್ದ ಪದರವನ್ನು ಅಮ್ಮನಿಗೆ ತೋರಿಸಿದರೆ ನಂಬಲಿಲ್ಲ. ರ್‍ಯಾಮ್ 2400ರಲ್ಲಿ ಇತ್ತು, ಈಗ 3200. ಕರ್ವ್ ನೆಗೆಟಿವ್ 15ರಲ್ಲಿ ನಿಲ್ಲಿಸಿದ್ದೇನೆ, 20ಕ್ಕೆ ಹೋದಾಗ ರೀಸ್ಟಾರ್ಟ್ ಆಯಿತು. ಪಿಪಿಟಿ 60. ಮಧ್ಯಾಹ್ನದ ಹೊತ್ತು ಸಿನಿಬೆಂಚ್ ಓಡಿಸಿದರೆ ಮೊದಲು 90ಕ್ಕೆ ಅಂಟಿಕೊಳ್ಳುತ್ತಿದ್ದ ಪ್ರೊಸೆಸರ್ ಈಗ 79ರಲ್ಲಿ ನಿಂತಿದೆ, ಅಂಕ ಮೊದಲಿಗಿಂತ ಸ್ವಲ್ಪ ಹೆಚ್ಚೇ ಬಂದಿದೆ. ಕಾರ್ಡ್ 0.875ರಲ್ಲಿ 1800 ಹಿಡಿಯಿತು. ಎರಡನೇ ರ್‍ಯಾಮಿಗೆ ಮಾವನ ಹತ್ತಿರ ಅರ್ಜಿ ಹಾಕಿದ್ದೇನೆ.

ಬೀದರ್ ಕೋಟೆ:

ಸೋತೆ ಎಂದು ಒಪ್ಪುವುದಿಲ್ಲ, ಡಿಸೆಂಬರ್‌ನಲ್ಲಿ ಬೀದರಿಗೆ ಬನ್ನಿ, 5.1 ತೋರಿಸುತ್ತೇನೆ.

ದುರಸ್ತಿ ಅಂಗಡಿ, ಸೂಪರ್ ಮಾರ್ಕೆಟ್:

ತಮ್ಮಾ, ಬಯೋಸ್‌ನ ಆ ಅಂಕಿಗಳನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಕ್ಯಾಬಿನೆಟ್ ಒಳಬದಿಗೆ ಅಂಟಿಸು. ಬೋರ್ಡ್‌ನ ಗುಂಡು ಸೆಲ್ ಸತ್ತು ಪ್ಲಗ್ ಕಿತ್ತರೆ ಎಲ್ಲ ಅಳಿಸಿಹೋಗುತ್ತದೆ. ಅದು ಸಿಆರ್2032, ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ.