ತಂಗಿಗೆ ಲಗ್ನಕ್ಕೆ ಬಿಲ್ವಾರ (ಬಂಗಾರದ ಬಳೆ) ಬೇಡ, ಬ್ರಾಂಡ್ ಬ್ಯಾಗ್ ಬೇಕಂತೆ. ನಿಮ್ಮ ಮನೆಯಲ್ಲೂ ಹೀಗೇನಾ?

ಟಿಳಕವಾಡಿ ಅಣ್ಣ, ಬೆಳಗಾವಿ:

ನಮಸ್ಕಾರ್ರೀ ಎಲ್ಲರಿಗೂ. ಮನೆಯಲ್ಲಿ ದೀಪಾವಳಿಯಿಂದ ಇದೇ ಜಗಳ, ಅದಕ್ಕೆ ಇಲ್ಲಿ ಕೇಳುತ್ತಿದ್ದೇನೆ. ತಂಗಿಯ ಲಗ್ನ ಗೊತ್ತಾಗಿದೆ. ಅವಳಿಗೆ ಪುಣೆಯಲ್ಲಿ ನೌಕರಿ. ಬಿಲ್ವಾರ ಮಾಡಿಸಬೇಕು ಅಂತ ಅಪ್ಪ ಮೊದಲಿನಿಂದ ದುಡ್ಡು ಕೂಡಿಸಿಟ್ಟಿದ್ದಾರೆ. ಅವಳು ಈಗ ಏನು ಹೇಳುತ್ತಾಳೆ ಅಂದರೆ, ಬೋರಮಳ ಸರ ಒಂದು ಸಾಕು, ಬಿಲ್ವಾರ ಬೇಡ, ಆ ದುಡ್ಡಿನಲ್ಲಿ ಲೂಯಿ ವಿಟಾನ್ ಅನ್ನೋ ಫ್ರಾನ್ಸಿನ ಕಂಪನಿಯ ಬ್ಯಾಗ್ ಕೊಡಿಸಿ, ಉಳಿದದ್ದು ನೀವೇ ಇಟ್ಟುಕೊಳ್ಳಿ ಅಂತ. ಬೆಲೆ ಕೇಳಿದರೆ ಒಂದೂವರೆ ಲಕ್ಷದ ಮೇಲೆ! ಅವ್ವ ಕೇಳಿದ್ದು ಒಂದೇ ಮಾತು, "ಅದಕ್ಕೇನು ಬಂಗಾರದ ಹಿಡಿಕಿ ಹಾಕಿದ್ದಾರಾ?"

ಅಪ್ಪನದು ಬೇರೆ ಚಿಂತೆ. ನಾಳೆ ಬೀಗರು ಬಂದು ಹುಡುಗಿಗೆ ಏನು ಹಾಕಿದಿರಿ ಅಂತ ಕೇಳಿದರೆ ಬ್ಯಾಗ್ ತೋರಿಸೋದಾ? ನಮ್ಮ ಓಣಿಯಲ್ಲಿ ಆ ಹೆಸರು ಕೇಳಿದವರೇ ನಾಲ್ಕು ಮಂದಿ ಇರಬೇಕು. ನಿಮ್ಮ ಕಡೆಯೂ ಹೀಗೆ ಆಗುತ್ತಿದೆಯಾ? ಇನ್ನೊಂದು, ಇಂಥ ವಸ್ತುವಿಗೆ ಈಗ ಬೇರೆ 1% ಟ್ಯಾಕ್ಸ್ ಇದೆಯಂತೆ, ನಿಜವಾ? ಖಡೇಬಜಾರದಲ್ಲಂತೂ ಇದು ಸಿಗಲ್ಲ, ಎಲ್ಲಿಗೆ ಹೋಗಬೇಕು ಅನ್ನೋದನ್ನೂ ಯಾರಾದರೂ ಹೇಳಿ.

ತೂಕದ ಮನುಷ್ಯ, ಶಹಾಪುರ:

ನಾನು ಬಂಗಾರದ ಅಂಗಡಿಯಲ್ಲಿ ಕೆಲಸ ಮಾಡುವವನು, ಹಾಗಾಗಿ ನಾನು ಯಾವ ಕಡೆ ಅಂತ ನಿಮಗೆ ಗೊತ್ತೇ ಇದೆ 😀 ಆದರೂ ಲೆಕ್ಕ ಹೇಳುತ್ತೇನೆ ಕೇಳಿ. ಬಿಲ್ವಾರ ಕೊಂಡರೆ ಬಂಗಾರಕ್ಕೆ 3% ಜಿಎಸ್‌ಟಿ, ಮೇಲೆ ಮಜೂರಿ (ಮಾಡಿದ ಕೂಲಿ), ಅದಕ್ಕೂ ತೆರಿಗೆ. ತಿರುಗಿ ಮಾರಲು ಹೋದಾಗ ಮಜೂರಿ, ತೆರಿಗೆ ಎರಡೂ ಹೋದಂಗೇ. ಬಂಗಾರದಲ್ಲಿ ಒಂದು ಪೈಸೆ ಲುಕ್ಸಾನ ಇಲ್ಲ ಅನ್ನೋರ ಮಾತು ನಂಬಬೇಡಿ. ಆದರೆ ಕಷ್ಟ ಬಂದ ದಿನ ಬೆಳಗಾವಿಯ ಯಾವ ಬ್ಯಾಂಕಿಗೆ ಹೋದರೂ ಅದನ್ನು ಒತ್ತೆ ಇಟ್ಟುಕೊಳ್ಳುತ್ತಾರೆ. ರಿಸರ್ವ್ ಬ್ಯಾಂಕ್ 2025ರಲ್ಲಿ ತಂದ ನಿಯಮದ ಪ್ರಕಾರ ಎರಡೂವರೆ ಲಕ್ಷದವರೆಗಿನ ಸಾಲಕ್ಕೆ ಬಂಗಾರದ ಬೆಲೆಯ 85% ತನಕ ಕೊಡಬಹುದು. ಬ್ಯಾಗ್ ತೊಗೊಂಡು ಹೋಗಿ ಮ್ಯಾನೇಜರ್ ಟೇಬಲ್ ಮೇಲೆ ಇಡಿ ನೋಡೋಣ.

ಇನ್ನು ಬದಲಾವಣೆ ಕೇಳಿದಿರಲ್ಲ, ಅದು ಅಂಗಡಿಯಲ್ಲೂ ಕಾಣುತ್ತಿದೆ. 10 ಗ್ರಾಂಗೆ ಲಕ್ಷ ಮುಟ್ಟಿದ್ದು 2025ರ ಏಪ್ರಿಲ್‌ನಲ್ಲಿ. ಆಮೇಲಂತೂ ನೌಕರಿ ಮಾಡುವ ಹುಡುಗಿಯರು ಭಾರದ ವಸ್ತು ಕೈಯಲ್ಲಿ ಹಿಡಿದು ನೋಡಿ ವಾಪಸ್ ಇಡುತ್ತಾರೆ. 18 ಕ್ಯಾರೆಟ್ ಕೇಳುತ್ತಾರೆ. 9 ಕ್ಯಾರೆಟ್‌ಗೂ 2025ರ ಜುಲೈಯಿಂದ ಹಾಲ್‌ಮಾರ್ಕ್ ಬಂದಿದೆ. ಜೊತೆಗೆ ಬಂದ ಅಜ್ಜಿ "ಇದು ಬಂಗಾರವೇ ಅಲ್ಲ" ಅಂತ ಅಲ್ಲೇ ನಿಂತು ಜಗಳ ಶುರು ಮಾಡುತ್ತಾರೆ. ಮೊದಲು ಬಂದವರು ತೂಕ ಕೇಳುತ್ತಿದ್ದರು, ಈಗ ಆಫೀಸಿಗೆ ಹಾಕಿಕೊಂಡು ಹೋಗಬಹುದಾ ಅಂತ ಕೇಳುತ್ತಾರೆ.

ಗುಮ್ಮಟದೂರಿನಾಕಿ:

ವಿಜಯಪುರದವಳು, ಈಗ ಬೆಂಗಳೂರಲ್ಲಿದ್ದೇನೆ. ಅಣ್ಣಾ, ಒಂದು ಮಾತು ನೇರವಾಗಿ ಕೇಳುತ್ತೇನೆ, ಸಿಟ್ಟಾಗಬೇಡಿ. ನಿಮ್ಮ ಮನೆಯಲ್ಲಿ ಕಾರು ಇದೆಯಾ? ಯಾವುದು? ಅದನ್ನು ಕೊಳ್ಳುವಾಗ "ಇದು ಲಕ್ಷುರಿ" ಅಂತ ಯಾರಾದರೂ ಒಂದು ವಾರ ಜಗಳ ಮಾಡಿದರಾ?

ನಮ್ಮ ಕಡೆ ದ್ರಾಕ್ಷಿ ಚೆನ್ನಾಗಿ ಬಂದ ವರ್ಷ, ನಿಮ್ಮ ಕಡೆ ಕಬ್ಬಿನ ಬಿಲ್ ಕೈಗೆ ಬಂದ ವರ್ಷ ಮನೆ ಮುಂದೆ ದೊಡ್ಡ ಬಿಳಿ ಗಾಡಿ ಬಂದು ನಿಲ್ಲುತ್ತದೆ. ಊರಿನ ರಸ್ತೆಗೆ ಅಷ್ಟು ದೊಡ್ಡದು ಬೇಕಾ ಅಂತ ಯಾರೂ ಕೇಳಲ್ಲ, ಪೆಂಡೆ ಹಂಚುತ್ತಾರೆ, ಟೆಂಗಿನಕಾಯಿ ಒಡೆಯುತ್ತಾರೆ, ಗುಡಿ ಮುಂದೆ ನಿಲ್ಲಿಸಿ ಫೋಟೋ ತೆಗೆಸುತ್ತಾರೆ. ಅದು ಶೋರೂಮಿನಿಂದ ಹೊರಗೆ ಬಂದ ದಿನದಿಂದಲೇ ಬೆಲೆ ಇಳಿಯುತ್ತದೆ ಅನ್ನೋದು ಎಲ್ಲರಿಗೂ ಗೊತ್ತು. ಗಂಡಸು ಕೊಂಡರೆ ಅಂತಸ್ತು, ಹೆಂಗಸು ಕೊಂಡರೆ ದುಂದು. ಹೀಗೆ ಅಲ್ವಾ ನಮ್ಮ ಲೆಕ್ಕ?

ಬಂಗಾರದ ಬಗ್ಗೆಯೂ ಹೇಳುತ್ತೇನೆ. ಅದು ಹುಡುಗಿಗೆ ಅಂತ ಮಾಡಿಸುತ್ತಾರೆ, ಲಗ್ನದಲ್ಲಿ ಎರಡು ದಿನ ಹಾಕಿಕೊಳ್ಳುತ್ತಾಳೆ, ಆಮೇಲೆ ಅತ್ತೆಯ ತಿಜೋರಿ ಇಲ್ಲಾ ಬ್ಯಾಂಕ್ ಲಾಕರ್. ಹಾಕಿಕೊಂಡು ಬಸ್ಸು ಹತ್ತಲು ಧೈರ್ಯವಿಲ್ಲ. ಒತ್ತೆ ಇಡುವಾಗ ಅವಳನ್ನು ಕೇಳುತ್ತಾರಾ? ನನ್ನ ಅಕ್ಕನ ಪಾಟ್ಲಿ ಬಳೆ ಮೈದುನನ ಬೋರ್‌ವೆಲ್ಲಿಗೆ ಹೋಯಿತು, ನೀರೂ ಬೀಳಲಿಲ್ಲ. ಬ್ಯಾಗ್ ಆದರೆ ದಿನಾ ಹೆಗಲ ಮೇಲೆ ಇರುತ್ತದೆ, ಯಾರೂ ಒತ್ತೆ ಇಟ್ಟುಕೊಳ್ಳಲ್ಲ ಅಂದಿರಲ್ಲ ಶಹಾಪುರದ ಸರ್, ಅದೇ ಅದರ ದೊಡ್ಡ ಗುಣ ಅಂತ ನನಗೆ ಅನ್ನಿಸುತ್ತದೆ 😄

ಇಷ್ಟು ಹೇಳಿ ಇನ್ನೊಂದು ಮಾತೂ ಹೇಳಬೇಕು. ಅವಳಿಗೆ ಸಂಬಳ ಇದೆ ಅಂದಿರಿ. ಬ್ಯಾಗ್ ಅವಳ ಸಂಬಳದಲ್ಲಿ ಕೊಳ್ಳಲಿ. ಅಪ್ಪ ಕೂಡಿಸಿಟ್ಟ ದುಡ್ಡು ಅವಳ ಹೆಸರಲ್ಲಿ ಎಫ್‌ಡಿ ಮಾಡಿ. ಅಪ್ಪನ ದುಡ್ಡಲ್ಲಿ ತೊಗೊಂಡು ನನ್ನ ಇಷ್ಟ ಅನ್ನೋದು ನನಗೂ ಅಷ್ಟು ಸರಿ ಕಾಣಲ್ಲ.

ಕರದಂಟು ಪ್ರಿಯ, ಗೋಕಾಕ:

ಒಂದೂವರೆ ಲಕ್ಷ ಕೊಟ್ಟು ಬ್ಯಾಗ್ ತಂದ ಮೇಲೆ ಒಳಗೆ ಏನಿಡುತ್ತಾಳೆ ಕೇಳ್ರೀ, ದುಡ್ಡಂತೂ ಉಳಿದಿರಲ್ಲ.

ಸುಮ್ನೆ ಅಷ್ಟು ಯಾಕೆ, ಮುಂಬಯಿಯಲ್ಲಿ ಫಸ್ಟ್ ಕಾಪಿ ಐದಾರು ಸಾವಿರಕ್ಕೆ ಸಿಗುತ್ತದೆ. ಬೀಗರಿಗೆ ಏನು ತಿಳಿಯುತ್ತದೆ?

ಗುಮ್ಮಟದೂರಿನಾಕಿ:

ಬೀಗರಿಗೆ ತಿಳಿಯಲ್ಲ ಸರ್, ಅವಳ ಆಫೀಸಿನವರಿಗೆ ತಿಳಿಯುತ್ತದೆ. ಬ್ಯಾಗ್ ಇರೋದು ಅವರಿಗಾಗಿ. ಹತ್ತು ವರ್ಷದ ಹಿಂದೆ ಕಾಪಿ ಹಿಡಿದುಕೊಂಡು ತಿರುಗಾಡಿದರೆ ನಡೆಯುತ್ತಿತ್ತು, ಯಾಕೆಂದರೆ ಅಸಲು ಯಾರೂ ನೋಡಿರಲಿಲ್ಲ. ಈಗ ಹುಡುಗಿಯರು ರೀಲ್ಸ್ ನೋಡಿ ನೋಡಿ ಹೊಲಿಗೆ ಸೊಟ್ಟ ಇದೆಯಾ, ಹೂವಿನ ಗುರುತು ಎರಡೂ ಬದಿಗೆ ಸಮ ಬಂದಿಲ್ಲವಾ ಅಂತ ಬಸ್ಸಿನಲ್ಲಿ ಕುಳಿತೇ ಹೇಳುತ್ತಾರೆ. ಆ ಕಾಪಿಗಿಂತ ನಮ್ಮೂರ ಸಂತೆಯ ಚೀಲ ವಾಸಿ.

ಕೌಂಟರ್ ನಂಬರ್ 3, ಬಾಗಲಕೋಟೆ:

ಟ್ಯಾಕ್ಸ್ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಆ 1% ಅಂದರೆ ಟಿಸಿಎಸ್, ಅಂಗಡಿಯವರು ಮಾರುವಾಗಲೇ ಹಿಡಿದು ಸರಕಾರಕ್ಕೆ ಕಟ್ಟುವ ಆದಾಯ ತೆರಿಗೆ. 2025ರ ಏಪ್ರಿಲ್ 22ರಿಂದ ವಾಚ್, ಹ್ಯಾಂಡ್‌ಬ್ಯಾಗ್, ತಂಪು ಕನ್ನಡಕ, ಶೂ, ಪೇಂಟಿಂಗ್, ಹೋಮ್ ಥಿಯೇಟರ್ ಇಂಥವಕ್ಕೆ ಬಂದಿದೆ, ಆದರೆ ಒಂದು ವಸ್ತುವಿನ ಬೆಲೆ 10 ಲಕ್ಷ ದಾಟಿದರೆ ಮಾತ್ರ. ನಿಮ್ಮ ತಂಗಿಯ ಬ್ಯಾಗ್‌ಗೆ ಇದು ಬರಲ್ಲ. ಬಂದರೂ ಅದು ಹೋದ ದುಡ್ಡಲ್ಲ, ರಿಟರ್ನ್ ತುಂಬುವಾಗ ಲೆಕ್ಕಕ್ಕೆ ಹಿಡಿಯಬಹುದು. 10 ಲಕ್ಷ ದಾಟಿದ ಕಾರಿಗೆ ಇದು 2016ರಿಂದಲೇ ಇದೆ. ವಿಜಯಪುರದ ತಂಗಿ ಕಾರಿನ ಬಗ್ಗೆ ಹೇಳಿದ್ದು ಸರಕಾರಕ್ಕೆ ಮೊದಲೇ ತಿಳಿದಿತ್ತು ಅನ್ನಿ!

ದಯವಿಟ್ಟು ಇಎಂಐ ಮೇಲೆ ಮಾತ್ರ ಕೊಳ್ಳಬೇಡಿ. ನಮ್ಮ ಬ್ಯಾಂಕಿನ ಕೌಂಟರಿನಲ್ಲಿ ನಿತ್ಯ ನೋಡುತ್ತೇನೆ, ಸಂಬಳ ಜಮಾ ಆದ ಮರುದಿನವೇ ಫೋನಿನ ಕಂತು, ವಾಚಿನ ಕಂತು, ಗೋವಾಕ್ಕೆ ಹೋಗಿ ಬಂದ ಕಂತು. ಶೂನ್ಯ ಬಡ್ಡಿ ಅನ್ನೋದೇ ಇಲ್ಲ ಅಂತ ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿತ್ತು. ಬಡ್ಡಿಯನ್ನು ಪ್ರೊಸೆಸಿಂಗ್ ಫೀ ಒಳಗೆ ಮುಚ್ಚಿಡುತ್ತಾರೆ ಅಷ್ಟೇ.

ತೊಗಲಿನ ವಾಸನೆ, ಅಥಣಿ:

ಇದನ್ನೆಲ್ಲ ಓದುತ್ತಿದ್ದೆ, ಸುಮ್ಮನೆ ಇರಲು ಆಗಲಿಲ್ಲ. ಆ ಬ್ರಾಂಡಿನ ಹೂವಿನ ಗುರುತಿನ ಬ್ಯಾಗ್ ಇದೆಯಲ್ಲ, ಅದರ ಮೈ ತೊಗಲಲ್ಲ, ಲೇಪ ಕೊಟ್ಟ ಕ್ಯಾನ್ವಾಸ್. ಹಿಡಿಕೆ, ಅಂಚು ಮಾತ್ರ ತೊಗಲು. ಕೆಟ್ಟದ್ದು ಅಂತ ಹೇಳುತ್ತಿಲ್ಲ, ಆ ಗುರುತು 1896ರಿಂದ ನಡೆದು ಬಂದಿದೆ, ಸುಮ್ಮನೆ ನಡೆಯಲ್ಲ. ಆದರೆ ನೀವು ದುಡ್ಡು ಕೊಡುತ್ತಿರುವುದು ಯಾವುದಕ್ಕೆ ಅಂತ ಗೊತ್ತಿರಲಿ.

ನಮ್ಮದು ಕೊಲ್ಹಾಪುರಿ ಚಪ್ಪಲಿ ಮಾಡುವ ಮನೆ. 2025ರ ಜೂನ್‌ನಲ್ಲಿ ಮಿಲಾನಿನ ಫ್ಯಾಶನ್ ಶೋನಲ್ಲಿ ಇಟಲಿಯ ದೊಡ್ಡ ಬ್ರಾಂಡ್ ಪ್ರಾಡಾದವರು ನಮ್ಮ ಚಪ್ಪಲಿಯಂಥದ್ದನ್ನೇ ತೋರಿಸಿದರು, ಮೊದಲು ಎಲ್ಲಿಯದು ಅಂತ ಹೆಸರೂ ಹೇಳಲಿಲ್ಲ. ಗದ್ದಲ ಆದ ಮೇಲೆ ಇದು ಭಾರತದ ಕೈಕೆಲಸ ನೋಡಿ ಮಾಡಿದ್ದು ಅಂತ ಒಪ್ಪಿಕೊಂಡರು. ಡಿಸೆಂಬರ್‌ನಲ್ಲಿ ಮಹಾರಾಷ್ಟ್ರದ ಲಿಡ್‌ಕಾಮ್, ನಮ್ಮ ಲಿಡ್ಕರ್ ಎರಡೂ ಸರಕಾರಿ ಚರ್ಮ ನಿಗಮಗಳ ಜೊತೆ ಒಪ್ಪಂದ ಆಯಿತು. ಎರಡೂ ರಾಜ್ಯದಲ್ಲಿ ಸುಮಾರು 2000 ಜೋಡಿ ಮಾಡಿಸೋದು, ಜೋಡಿಗೆ 800 ಯೂರೋ ಆಸುಪಾಸು ಅಂತ ಸುದ್ದಿ ಬಂತು. ರೂಪಾಯಿಯಲ್ಲಿ 80 ಸಾವಿರ ದಾಟುತ್ತದೆ. ಎಲ್ಲರೂ ಕೊಲ್ಹಾಪುರಿ ಅಂತಾರೆ, ಆದರೆ 2019ರಲ್ಲಿ ಬಂದ ಜಿಐ ಗುರುತಿನಲ್ಲಿ (ವಸ್ತು ಯಾವ ಊರಿನದು ಅಂತ ಸರಕಾರ ಕೊಡುವ ಗುರುತು) ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ನಾಲ್ಕೂ ಜಿಲ್ಲೆ ಇವೆ. ನಿಪ್ಪಾಣಿ, ಅಥಣಿ ಕಡೆ ಮಾಡಿದ್ದು ಕೊಲ್ಹಾಪುರದ ಪೇಟೆಗೆ ಹೋಗಿ ಹೆಸರು ಬದಲಾಯಿಸಿಕೊಳ್ಳುತ್ತದೆ.

ಆ ಗದ್ದಲದ ಮೇಲೆ ಗಿರಾಕಿ ಬದಲಾಗಿದ್ದಾರೆ, ಇದು ಸತ್ಯ. ಬೆಂಗಳೂರು, ಪುಣೆ ಹುಡುಗರು ಫೋನ್ ಮಾಡುತ್ತಾರೆ. ಬಾಬಲಿ (ಜಾಲಿ) ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡಿದ ತೊಗಲೇನಾ, ಮೊಳೆ ಹೊಡೆದಿಲ್ಲ ತಾನೇ, ಜಡೆ ಹೆಣೆಯೋದು ಯಾರು ಅಂತ ಕೇಳುತ್ತಾರೆ. ಹೆಣೆಯೋದು ನಮ್ಮ ಮನೆಯ ಹೆಂಗಸರೇ, ಇಷ್ಟು ವರ್ಷ ಯಾರೂ ಕೇಳಿರಲಿಲ್ಲ. ರೇಟಿನ ಮಾತು ಕೊನೆಗೆ. ಸಂತೆಗೆ ಬರುವ ನಮ್ಮವರು ಮಾತ್ರ ಇವತ್ತಿಗೂ ಐವತ್ತು ರೂಪಾಯಿಗೆ ಅರ್ಧ ತಾಸು ಚೌಕಾಸಿ ಮಾಡುತ್ತಾರೆ, ಆಮೇಲೆ ಮಾಲ್‌ಗೆ ಹೋಗಿ ರಬ್ಬರ್ ಚಪ್ಪಲಿಗೆ ಬರೆದಷ್ಟು ಕೊಟ್ಟು ಬರುತ್ತಾರೆ. ಬೋರ್ಡಿನ ಮೇಲೆ ಹೆಸರು ಇದ್ದರೆ ಬಾಯಿ ಬರಲ್ಲ.

ಮತ್ತೊಂದು ಮಜಾ ಕೇಳಿ. ನಮ್ಮ ಅಜ್ಜನ ಕಾಲದ ಗೌಡರು ಕರ್ರ್ ಕರ್ರ್ ಅನ್ನುವ ಚಪ್ಪಲಿ ಬೇಕು ಅಂತ ಹೇಳಿ ಮಾಡಿಸುತ್ತಿದ್ದರು. ಅಟ್ಟೆಯ ನಡುವೆ ಬೀಜ ಇಟ್ಟು ಹೊಲಿಯುತ್ತಿದ್ದರು, ಗೌಡರು ಬರುತ್ತಿದ್ದಾರೆ ಅಂತ ಓಣಿಗೆಲ್ಲ ಕೇಳಬೇಕು. ಈಗಿನವರಿಗೆ ಸದ್ದೇ ಇರಬಾರದು, ಒಳಗೆ ಮೆತ್ತನೆ ಸ್ಪಂಜು ಬೇಕು, ಆದರೆ ಫೋಟೋದಲ್ಲಿ ಎದ್ದು ಕಾಣಬೇಕು. ತೋರಿಸಿಕೊಳ್ಳೋದು ಅವತ್ತೂ ಇತ್ತು. ಮೊದಲು ನೋಡುವವರು ಓಣಿಯಲ್ಲಿದ್ದರು, ಈಗ ಫೋನಿನಲ್ಲಿದ್ದಾರೆ.

ಕೊಂಡಿ, ಇಳಕಲ್:

ಅಥಣಿಯ ಅಣ್ಣನ ಮಾತಿಗೆ ನೂರಕ್ಕೆ ನೂರು. ನಮ್ಮ ಸೀರೆಯದೂ ಇದೇ ಕಥೆ. ನಮ್ಮವರೇ ಅಜ್ಜಿಯ ಸೀರೆ ಅಂತ ಬಿಟ್ಟಿದ್ದರು. ಈಗ ಬೆಂಗಳೂರಿನ ಐಟಿ ಹೆಣ್ಣುಮಕ್ಕಳು ಚಂದ್ರಕಾಳಿ (ಕಪ್ಪು ಸೀರೆ) ಮೇಲೆ ಕಸೂತಿ ಬೇಕು, ಕೈಮಗ್ಗದ್ದೇ ಬೇಕು ಅಂತ ಕಾಯುತ್ತಾರೆ. ಗುಳೇದಗುಡ್ಡದ ಖಣದ ರವಿಕೆ ಬಟ್ಟೆಯನ್ನಂತೂ ಸೀರೆ ಮಾಡಿ, ಕ್ಲಚ್ ಮಾಡಿ, ಮಾಸ್ಕ್ ಕೂಡ ಮಾಡಿ ಮಾರಿದರು. ನೇಯುವವನ ಕೂಲಿ ಅಷ್ಟೇ ವೇಗದಲ್ಲಿ ಏರಿಲ್ಲ, ಅದು ಬೇರೆ ಮಾತು.

ಟಿಳಕವಾಡಿ ಅಣ್ಣ, ಬೆಳಗಾವಿ:

ಎಲ್ಲರಿಗೂ ಥ್ಯಾಂಕ್ಸ್. ವಿಜಯಪುರದ ತಂಗಿ ಬರೆದದ್ದನ್ನು ಮನೆಯಲ್ಲಿ ಜೋರಾಗಿ ಓದಿದೆ. ಕಾರಿನ ಮಾತು ಬಂದಾಗ ಅಪ್ಪ ಎದ್ದು ಹೊರಗೆ ಹೋದರು, ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ. ತಂಗಿಗೆ ಫೋನ್ ಹಚ್ಚಿ ನಿನ್ನ ಸಂಬಳದಲ್ಲಿ ತೊಗೋ ಅಂದರೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಿದ್ದರೆ ಅದೇ ಕಂಪನಿಯ ಚಿಕ್ಕ ಪರ್ಸ್ ನೋಡುತ್ತೇನೆ ಅಂದಳು! ತನ್ನ ದುಡ್ಡು ಅಂದ ಕೂಡಲೇ ಸೈಜ್ ಇಳಿಯಿತು. ಬಿಲ್ವಾರದ ಮಾತು ಇನ್ನೂ ಮುಗಿದಿಲ್ಲ, ಅವ್ವ ಬಿಡಲ್ಲ. ಎಫ್‌ಡಿಗೆ ಅಪ್ಪ ಅರ್ಧ ಒಪ್ಪಿದ್ದಾರೆ.

ಇಳಕಲ್‌ನವರೇ, ಬಸ್ತಾ (ಲಗ್ನದ ಬಟ್ಟೆ ಖರೀದಿ) ಹೇಗೂ ಹಾಕಬೇಕು. ಅವ್ವನಿಗೆ, ಬೀಗಿತ್ತಿಗೆ ಒಳ್ಳೆಯ ರೇಷ್ಮೆ ಇಳಕಲ್ ಕೊಡೋಣ ಅಂತ ಇದೆ. ಕೈಮಗ್ಗದ್ದು ಅಂತ ಗುರುತಿಸೋದು ಹೇಗೆ? ಅಂಗಡಿಯವರೆಲ್ಲ ಕೈಮಗ್ಗ ಅಂತಲೇ ಹೇಳುತ್ತಾರೆ.

ಗುಮ್ಮಟದೂರಿನಾಕಿ:

ಅಂಗಡಿ ಎಲ್ಲಿ ಅಂತ ಕೇಳಿದ್ದಿರಿ ಅಣ್ಣಾ. ಬೆಂಗಳೂರಿನ ಯುಬಿ ಸಿಟಿಯಲ್ಲಿದೆ, ಮುಂಬಯಿಯ ಬಿಕೆಸಿಯಲ್ಲಿ 2023ರಲ್ಲಿ ಶುರುವಾದ ಜಿಯೋ ವರ್ಲ್ಡ್ ಪ್ಲಾಜಾದಲ್ಲೂ ಇದೆ. ಪುಣೆಯವಳಿಗೆ ಮುಂಬಯಿ ಹತ್ತಿರ. ಒಳಗೆ ಹೋಗಲು ಹೆದರಬೇಡ ಅನ್ನಿ. ನಾನು ಬರೀ ನೋಡಿ ಬಂದಿದ್ದೇನೆ, ನೀರು ಕೊಟ್ಟು ಮಾತಾಡಿಸಿದರು. ಪರ್ಸ್ ನೋಡಲೂ ಅಷ್ಟೇ ಮರ್ಯಾದೆ.

ಕೊಂಡಿ, ಇಳಕಲ್:

ಸೀರೆಯ ಸೆರಗು ಮೈಗೆ ಕೂಡುವ ಜಾಗ ನೋಡಿ ಸರ್. ಕೈಮಗ್ಗದ ಇಳಕಲ್‌ನಲ್ಲಿ ಮೈಯ ಹಾಸು (ಉದ್ದ ಎಳೆ) ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ಮೈ ಹಸಿರೇ ಇರಲಿ, ನೀಲಿಯೇ ಇರಲಿ, ತೋಪತೆನಿ ನಮೂನೆಯ ಸೆರಗಿನ ಕೆಂಪು ಮಾತ್ರ ಅಚ್ಚ ಕೆಂಪಾಗಿ ನಿಲ್ಲುತ್ತದೆ, ಯಾಕೆಂದರೆ ಉದ್ದ ಎಳೆಯೇ ಅಲ್ಲಿ ಬದಲಾಗುತ್ತದೆ. ಅಂಥ ಕೂಡು ಕಾಣದೆ, ಮೈಯ ಬಣ್ಣವೇ ಸೆರಗಿನೊಳಗೂ ಎಳೆದುಕೊಂಡು ಬಂದಿದ್ದರೆ ಅದು ಪವರ್‌ಲೂಮ್ ಅಂತ ತಿಳಿಯಿರಿ. ಮೈ ಶುದ್ಧ ರೇಷ್ಮೆಯಾ, ಹತ್ತಿಯಾ, ಆರ್ಟ್ ಸಿಲ್ಕಾ ಅಂತ ಬಿಲ್ಲಿನಲ್ಲೇ ಬರೆಸಿಕೊಳ್ಳಿ. ದಡಿಯ (ಅಂಚಿನ) ನಮೂನೆ ಗೋಮಿ ಬೇಕಾ, ಚಿಕ್ಕಿ ಪರಾಸ ಬೇಕಾ, ಗಾಡಿ ಬೇಕಾ ಅಂತ ಅವ್ವನನ್ನೇ ಕೇಳಿ, ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಮೇಲೆ ಕಸೂತಿ ಬೇಕು ಅಂದರೆ ಈಗಲೇ ಹೇಳಿ, ಅದು ಎಳೆ ಎಣಿಸಿ ಕೈಯಲ್ಲಿ ಹಾಕೋದು, ಲಗ್ನ ಹತ್ತಿರ ಬಂದ ಮೇಲೆ ಯಾರೂ ಕೆಲಸ ಹಿಡಿಯಲ್ಲ.