ಪದಚರ್ಚೆ: ಕಿವಿಗೆ ಕೇಳಿಸುವ ಪಾಠದಲ್ಲಿ ‘ಎಂಪಥಿ’ಗೆ ಕನ್ನಡದಲ್ಲಿ ಏನೆನ್ನಬೇಕು?

ಪ್ರಶ್ನೆ

ಬಲ್ಲವರಿಗೆ ನಮಸ್ಕಾರ.

ಸಮಾಜಕಾರ್ಯ ಕಲಿಯುವವರಿಗೆ ಇಂಗ್ಲಿಷಿನಲ್ಲಿ ಒಳ್ಳೆಯ ಪಾಡ್‌ಕಾಸ್ಟ್‌ಗಳಿವೆ. ಜೊನಾಥನ್ ಸಿಂಗರ್ ಅವರ ‘ದಿ ಸೋಷಿಯಲ್ ವರ್ಕ್ ಪಾಡ್‌ಕಾಸ್ಟ್’ 2007ರಲ್ಲೇ ಶುರುವಾಯಿತು. ಅಮೆರಿಕದ ಬಫಲೋ ವಿಶ್ವವಿದ್ಯಾಲಯದ ‘ಇನ್‌ಸೋಷಿಯಲ್‌ವರ್ಕ್’ ಅದರ ಮರುವರ್ಷದ್ದು. ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ವಿದ್ಯಾರ್ಥಿಗಳಿಗೂ ನೊಂದ ಮಹಿಳೆಯರಿಗೆ ನೆರವಾಗುವ ಸಾಂತ್ವನ ಕೇಂದ್ರ, ಮಕ್ಕಳ ರಕ್ಷಣಾ ಘಟಕಗಳ ಸಿಬ್ಬಂದಿಗೂ ಆಗುವಂಥ ಪಾಠಗಳನ್ನು ಕನ್ನಡದಲ್ಲಿ ಬರೆಯಹೊರಟರೆ ಮೂರು ಕಡೆ ಕಾಲು ತೊಡರುತ್ತದೆ. ‘ಎಂಪಥಿ’ಗೆ, ಎಂದರೆ ಇನ್ನೊಬ್ಬರ ಜಾಗದಲ್ಲಿ ನಿಂತು ಅವರ ಭಾವವನ್ನು ಅರಿಯುವುದಕ್ಕೆ, ಒಂದೊಂದು ಪುಸ್ತಕದಲ್ಲಿ ಒಂದೊಂದು ಪದವಿದೆ: ಅನುಕಂಪ, ಸಹಾನುಭೂತಿ, ಸಮಾನುಭೂತಿ, ಪರಾನುಭೂತಿ, ತಾದಾತ್ಮ್ಯ. ‘ಕ್ಲೈಂಟ್’ (ಸಮಾಜಕಾರ್ಯಕರ್ತರಿಂದ ನೆರವು ಪಡೆಯುವವರು) ಎಂಬುದಕ್ಕೆ ಫಲಾನುಭವಿ ಸರಿಯೇ, ಸೇವಾರ್ಥಿ ಸರಿಯೇ? ‘ಎಪಿಸೋಡ್’ ಎಂಬುದನ್ನು ಕಂತು ಎಂದರೆ ಆದೀತೇ?

ಉತ್ತರ 1

ನಿಮ್ಮ ಪಟ್ಟಿಯ ಐದು ಪದಗಳನ್ನೂ ಅಚ್ಚಿನಲ್ಲಿ ನೋಡಿದರೆ ಬೇರೆ ಬೇರೆಯಾಗಿಯೇ ಕಾಣುತ್ತವೆ. ಬಸ್ಸಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಕೇಳುವವರಿಗೆ ಹಾಗಲ್ಲ. ಸಹಾನುಭೂತಿಗೂ ಸಮಾನುಭೂತಿಗೂ ನಡುವೆ ಇರುವುದು ಒಂದೇ ವ್ಯಂಜನದ ಅಂತರ. ಅದರಲ್ಲೂ ಆ ‘ಹ’ ಮಾತಿನಲ್ಲಿ ಸುಲಭವಾಗಿ ಸವೆಯುವ ಅಕ್ಷರ; ಹಳೇ ಮೈಸೂರಿನ ಹಳ್ಳಿಗಳಲ್ಲಿ ಹಾಲು ‘ಆಲು’ ಆಗುವುದು ಎಲ್ಲರಿಗೂ ಗೊತ್ತು. ಧ್ವನಿಕಡತವನ್ನು ತೀರಾ ಕುಗ್ಗಿಸಿದರೆ ಮೊದಲು ಮಸುಕಾಗುವುದೂ ಸ, ಶ, ಹಗಳಂಥ ಉಸಿರಿನ ಧ್ವನಿಗಳೇ. ಈ ಎರಡು ಪದಗಳ ವ್ಯತ್ಯಾಸವನ್ನೇ ಪಾಠ ಮಾಡಹೊರಟರೆ ಕೇಳುಗರು ಅಲ್ಲೇ ದಾರಿ ತಪ್ಪುತ್ತಾರೆ.

ಅನುಕಂಪವನ್ನು ಬಿಡಿ. ಧಾತುವಿನ ಪ್ರಕಾರ ‘ಜೊತೆಗೆ ಕಂಪಿಸುವುದು’ ಎಂಬ ಚೆಲುವಾದ ಅರ್ಥ ಅದಕ್ಕಿದೆ, ನಿಜ. ಆದರೆ ‘ಅನುಕಂಪದ ಆಧಾರದ ನೌಕರಿ’, ‘ಅನುಕಂಪದ ಅಲೆ’ ಎಂದೆಲ್ಲ ಬಳಸಿ ಅದು ಮೇಲಿನಿಂದ ಕೆಳಕ್ಕೆ ಇಳಿಯುವ ದಯೆಯಾಗಿಬಿಟ್ಟಿದೆ. ತಾದಾತ್ಮ್ಯ ಕಾವ್ಯ, ನಾಟಕಗಳ ಚರ್ಚೆಯ ಪದ; ತಾನೇ ಅದಾಗಿಬಿಡುವುದು ಎಂದರ್ಥ. ಸಮಾಜಕಾರ್ಯಕರ್ತರು ಮಾಡಬಾರದ್ದೇ ಅದು. ಸಮಾಜಕಾರ್ಯದ ವಿದ್ವಾಂಸ ಫೆಲಿಕ್ಸ್ ಬೀಸ್ಟೆಕ್ 1957ರಲ್ಲಿ ಕಾರ್ಯಕರ್ತ ಮತ್ತು ಕ್ಲೈಂಟ್ ನಡುವಿನ ಸಂಬಂಧಕ್ಕೆ ವಿವರಿಸಿದ ಏಳು ತತ್ತ್ವಗಳಲ್ಲಿ ಒಂದು, ಹಿಡಿತ ತಪ್ಪದೆ ಭಾವದಲ್ಲಿ ಒಳಗೊಳ್ಳುವುದು. ಇದನ್ನು ತಾದಾತ್ಮ್ಯ ಎಂದರೆ ಪಾಠವೇ ತಲೆಕೆಳಗಾಗುತ್ತದೆ.

ಉಳಿದದ್ದರಲ್ಲಿ ‘ಪರಾನುಭೂತಿ’ ವಾಸಿ. ‘ಪರ’ ಎಂಬ ಮೊದಲ ಉಚ್ಚಾರದಲ್ಲೇ ಬೇರೆಯವರ ಅನುಭವ ಎಂಬುದು ಕಿವಿಗೆ ಬೀಳುತ್ತದೆ. ಹೊಸ ಪದ ಎಂಬ ಅಳುಕು ಬೇಡ. ಇಂಗ್ಲಿಷಿನ ‘ಎಂಪಥಿ’ಯೂ ಟಿಚೆನರ್ ಎಂಬ ಮನಶ್ಶಾಸ್ತ್ರಜ್ಞ ಜರ್ಮನ್ ಪದವೊಂದಕ್ಕೆ 1909ರಲ್ಲಿ ಕಟ್ಟಿದ್ದು.

ಆದರೂ ಪಾಠದ ಉದ್ದಕ್ಕೂ ನಾಮಪದವನ್ನೇ ಹೇರಬೇಡಿ. ಕನ್ನಡದಲ್ಲಿ ಈ ವ್ಯತ್ಯಾಸ ಹೇಳುವ ಕ್ರಿಯಾಪದವೊಂದು ಆಗಲೇ ಇದೆ: ‘ಅನ್ನಿಸು’. ಅದರ ಜೊತೆ ಬರುವ ಚತುರ್ಥಿ ವಿಭಕ್ತಿಯೇ (‘ಗೆ’) ಎಲ್ಲವನ್ನೂ ಹೇಳುತ್ತದೆ. ‘ಅವರನ್ನು ನೋಡಿ ನನಗೆ ಅಯ್ಯೋ ಅನ್ನಿಸಿತು’ ಎಂದರೆ ಕನಿಕರ. ‘ಆಗ ಅವರಿಗೆ ಹೇಗನ್ನಿಸಿರಬಹುದು?’ ಎಂದರೆ ಪರಾನುಭೂತಿ. ‘ನನಗೆ’ ಹೋಗಿ ‘ಅವರಿಗೆ’ ಬಂದದ್ದಷ್ಟೇ ಬದಲಾವಣೆ. ಕ್ರಮ ಹೀಗಿರಲಿ: ಮೊದಲು ಎರಡು ಸಂಭಾಷಣೆ ಕೇಳಿಸಿ. ಒಂದರಲ್ಲಿ ‘ಅಯ್ಯೋ ಪಾಪ, ನಿಮಗೆ ಹೀಗಾಗಬಾರದಿತ್ತಮ್ಮ’. ಇನ್ನೊಂದರಲ್ಲಿ ‘ರಾತ್ರಿಯೆಲ್ಲ ಮಗು ಅಳ್ತಿದ್ರೂ ಯಾರೂ ಏಳಲಿಲ್ಲ ಅಂದ್ರಿ. ಆಗ ನಿಮಗೆ ಏನನ್ನಿಸ್ತು?’ ಆಮೇಲೆ ಎರಡು ಸೆಕೆಂಡ್ ಮೌನ. ಆಮೇಲಷ್ಟೇ ‘ಇದಕ್ಕೆ ಪರಾನುಭೂತಿ ಅಂತಾರೆ’ ಎಂದು ಹೆಸರು ಹೇಳಿ. ವ್ಯಾಖ್ಯೆಯಿಂದ ಶುರು ಮಾಡಿದರೆ ಕೇಳುಗರಿಗೆ ಹಿಂದಿನ ಪುಟ ತಿರುವಿ ನೋಡುವ ಅನುಕೂಲವಿಲ್ಲ.

‘ಎಪಿಸೋಡ್’ಗೆ ಕಂತು ಬೇಡ. ಸ್ವಸಹಾಯ ಸಂಘದ ಸುತ್ತ ಕೆಲಸ ಮಾಡುವವರ ಕಿವಿಗೆ ‘ಈ ವಾರದ ಕಂತು’ ಎಂದರೆ ಸಾಲದ ಕಂತೇ. ಟಿವಿಯವರು ರೂಢಿಗೆ ತಂದಿರುವ ‘ಸಂಚಿಕೆ’ ಸಾಕು. ‘ಚಂದಾದಾರರಾಗಿ’ ಎಂಬುದೂ ಇಂಥದ್ದೇ. ಚಂದಾ ಎಂದ ಮೇಲೆ ದುಡ್ಡು ಕೇಳುತ್ತಾರೆ ಎಂದೇ ಅರ್ಥ. ಆಪಲ್‌ನವರೇ 2021ರಲ್ಲಿ ತಮ್ಮ ಪಾಡ್‌ಕಾಸ್ಟ್ ಆ್ಯಪಿನ ‘ಸಬ್‌ಸ್ಕ್ರೈಬ್’ ಗುಂಡಿಯನ್ನು ‘ಫಾಲೋ’ ಮಾಡಿದರು. ನೀವೂ ‘ಫಾಲೋ ಮಾಡಿ’ ಎನ್ನಿ.

‘ಕ್ಲೈಂಟ್’ಗೆ ಸೇವಾರ್ಥಿ ಇರಲಿ. ಕಕ್ಷಿದಾರ ವಕೀಲರ ಪದ, ಗ್ರಾಹಕ ಅಂಗಡಿಯ ಪದ. ಫಲಾನುಭವಿ ಎನ್ನಬೇಕಾದರೆ ಮೊದಲು ಯಾವುದಾದರೂ ಯೋಜನೆ ಮಂಜೂರಾಗಿರಬೇಕು.

ಉತ್ತರ 2

ಮೇಲಿನವರ ‘ಅನ್ನಿಸು’ ಒಪ್ಪಿದೆ, ಸೇವಾರ್ಥಿ ಪೂರ್ತಿ ಒಪ್ಪಲಾರೆ. ವಿದ್ಯಾರ್ಥಿ, ಶರಣಾರ್ಥಿಗಳಲ್ಲಿ ಇರುವಂತೆ ‘ಅರ್ಥಿ’ ಎಂದರೆ ಬೇಡಿ ಬಂದವರು. ಪೊಲೀಸರು ಕರೆತಂದು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ನಿಲ್ಲಿಸಿದ ಮಗು ಏನನ್ನೂ ಬೇಡಿಲ್ಲ. ಕುಡಿತ ಬಿಡಿಸಲೆಂದು ಮನೆಯವರು ಎಳೆದು ತಂದವರೂ ಬೇಡಿಲ್ಲ. ತತ್ತ್ವ ಹೇಳುವಲ್ಲಿ ಸೇವಾರ್ಥಿ ಸಲ್ಲುತ್ತದೆ. ಉದಾಹರಣೆ ಹೇಳುವಲ್ಲಿ ‘ಆ ತಾಯಿ’, ‘ಆ ಅಜ್ಜ’ ಎನ್ನುವುದೇ ಲೇಸು. ‘ಪ್ರಕರಣ’ವನ್ನೂ ಆದಷ್ಟು ದೂರವಿಡಿ, ಅದು ಠಾಣೆಯ ವಾಸನೆ ಹೊಡೆಯುತ್ತದೆ.

ಇನ್ನೊಂದು ಮಾತು ಯಾರೂ ಎತ್ತಲಿಲ್ಲ. ಇಂಗ್ಲಿಷಿನಲ್ಲಿ ‘ಕ್ಲೈಂಟ್ ಕೇಮ್’ ಎಂದರೆ ಮುಗಿಯಿತು. ಕನ್ನಡದಲ್ಲಿ ಬಂದನು, ಬಂದಳು, ಬಂದಿತು, ಬಂದರು ಎಂದು ಕ್ರಿಯಾಪದವೇ ಲಿಂಗವನ್ನೂ ಗೌರವವನ್ನೂ ಬಯಲು ಮಾಡುತ್ತದೆ. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಮು ಮಗುವಿನ ಹೆಸರು, ವಿಳಾಸ, ಶಾಲೆ ಮಾತ್ರವಲ್ಲ, ಗುರುತು ಸಿಗಬಹುದಾದ ಬೇರಾವ ವಿವರವನ್ನೂ ಹೊರಗೆಡಹಬಾರದು ಎನ್ನುತ್ತದೆ. ಪತ್ರಿಕೆಯ ಜೊತೆಗೆ ಇತರ ಸಂವಹನ ರೂಪಗಳನ್ನೂ ಅದು ಹೆಸರಿಸಿದೆ. ಹೆಸರು ಬದಲಿಸಿ, ಊರನ್ನು ಹೇಳದೆ ಬಿಟ್ಟರೂ ‘ಒಂಬತ್ತನೇ ತರಗತಿಯ ಹುಡುಗಿ, ಅಪ್ಪ ಲೈನ್‌ಮನ್’ ಎಂದರೆ ಸಣ್ಣ ತಾಲ್ಲೂಕಿನಲ್ಲಿ ಗುರುತು ಹತ್ತಲು ಅಷ್ಟೇ ಸಾಕು. ಹಾಗಾಗಿ ನಿಜಘಟನೆಯ ಎಳೆಯಿದ್ದ ಕಡೆ ಹದಿನಾರರ ಮಗುವಿಗೂ ‘ಅವರು, ಬಂದರು, ಹೇಳಿದರು’ ಬಳಸಿ. ಲಿಂಗ ಮರೆಯಾಗುತ್ತದೆ, ಮರ್ಯಾದೆಯೂ ಉಳಿಯುತ್ತದೆ.

ಇದನ್ನು ಬರಹದಲ್ಲೇ ತಿದ್ದಿಕೊಳ್ಳಿ. ಮಾತಿನ ಭರದಲ್ಲಿ ಒಮ್ಮೆ ‘ಅವಳು’ ಎಂದುಬಿಟ್ಟರೆ ಹಿಂದೆಯೇ ಹೋದಳು, ಅತ್ತಳು, ಒಪ್ಪಿದಳು ಎಂದು ಸಾಲೇ ಬರುತ್ತದೆ. ಸಂಕಲನದಲ್ಲಿ ಒಂದು ಪದ ಕತ್ತರಿಸಿ ತೇಪೆ ಹಾಕಲಾಗದು, ಆ ಇಡೀ ಭಾಗವನ್ನು ಮತ್ತೆ ಓದಿಸಬೇಕಾಗುತ್ತದೆ.