ಕಲ್ಲೆಲ್ಲ ನಕ್ಷತ್ರದೊಳಗೆ ಬೀಳ್ತಿವೆ, ಗ್ರಹ ಮಾತ್ರ ಆಗ್ತಿಲ್ಲ!

ಗುಮ್ಮಟದ_ಹುಡುಗ (ವಿಜಯಪುರ): ಮೂರು ರಾತ್ರಿ ಹಾಳಾಯ್ತು. ಎಳೆಯ ನಕ್ಷತ್ರದ ಸುತ್ತ ಗ್ರಹ ಹುಟ್ಟೋದನ್ನ ಪೈಥಾನ್‌ನಲ್ಲಿ ತೋರಿಸೋಣ ಅಂತ ಕೂತೆ. ಒಂದು ಕಲ್ಲೂ ಇನ್ನೊಂದಕ್ಕೆ ಅಂಟುವುದಿಲ್ಲ. ಸುತ್ತುತ್ತಾ ಸುತ್ತುತ್ತಾ ಸೀದಾ ನಕ್ಷತ್ರದೊಳಗೆ. ಎಲ್ಲಿ ತಪ್ಪಿದೆ?

ಕುಂದಾ_ಪ್ರಿಯ (ಬೆಳಗಾವಿ): ಕಕ್ಷೆ ಲೆಕ್ಕಕ್ಕೆ ಆಯ್ಲರ್ ವಿಧಾನ ಅಲ್ವಾ? ಟೈಮ್ ಸ್ಟೆಪ್ (ಒಂದು ಲೆಕ್ಕದಿಂದ ಮುಂದಿನ ಲೆಕ್ಕಕ್ಕೆ ಹಾರುವ ಸಮಯ) ದೊಡ್ಡದಾದರೆ ಕಕ್ಷೆ ಕೆಡುತ್ತೆ.

ಘಟಪ್ರಭಾ_ದಂಡೆ: ಆಯ್ಲರ್‌ನಲ್ಲಿ ಕಕ್ಷೆ ಹೊರಗೆ ಹಿಗ್ಗುತ್ತೆ, ಒಳಗೆ ಬೀಳಲ್ಲ.

ಗುಮ್ಮಟದ_ಹುಡುಗ: ಲೀಪ್‌ಫ್ರಾಗ್ ವಿಧಾನ ಬಳಸಿದ್ದೇನೆ, ಆಯ್ಲರ್ ಅಲ್ಲ. ಸ್ಟೆಪ್ ಒಂದು ದಿನ.

ಕುಂದಾ_ಪ್ರಿಯ: ಒಂದು ಗಂಟೆಗೆ ಇಳಿಸಿ.

ಗುಮ್ಮಟದ_ಹುಡುಗ: ಇಳಿಸಿದೆ. ನಡುರಾತ್ರಿ ಕರೆಂಟ್ ಹೋಯ್ತು. ಮತ್ತೆ ಓಡಿಸಿದೆ. ಅದೇ ಗತಿ.

ಘಟಪ್ರಭಾ_ದಂಡೆ: ಯುಪಿಎಸ್ ಇಲ್ವಾ? ನನ್ನದು 64 ಜಿಬಿ ರ‍್ಯಾಮ್, ಎರಡು ಬ್ಯಾಟರಿ. ನಾಲ್ಕು ತಾಸು ಅಲ್ಲಾಡಲ್ಲ.

ಕನ್ನಡಶಾಲೆ_ಮಾಸ್ತರ (ಜಮಖಂಡಿ): ತಮ್ಮಾ, ನಕ್ಷತ್ರದ ಸುತ್ತಲಿನ ಅನಿಲ ಹಾಕಿದ್ದೀಯಾ? ಕಲ್ಲಿನ ಗಾತ್ರ ಎಷ್ಟು?

ಗುಮ್ಮಟದ_ಹುಡುಗ: ಅನಿಲ ಇದ್ದೇ ಇದೆ ಸರ, ಅದನ್ನೂ ಹೇಳಬೇಕಾ? ಕಲ್ಲೆಲ್ಲ ಒಂದು ಮೀಟರ್. ಭೂಮಿಯಷ್ಟು ದೂರದಲ್ಲಿ.

ಕನ್ನಡಶಾಲೆ_ಮಾಸ್ತರ: ಅದನ್ನೇ ಮೊದಲು ಹೇಳಬೇಕಿತ್ತು! ನಿನ್ನ ಕೋಡ್ ಸರಿ ಇದೆ. ಅನಿಲಕ್ಕೆ ಒತ್ತಡದ ಆಸರೆ ಇದೆ, ಹಾಗಾಗಿ ಕಲ್ಲಿಗಿಂತ ತುಸು ನಿಧಾನ ಸುತ್ತುತ್ತೆ. ಕಲ್ಲಿಗೆ ಸದಾ ಎದುರುಗಾಳಿ. ಆಷಾಢದಲ್ಲಿ ತಿಕೋಟಾ ಕಡೆ ಸೈಕಲ್ ತುಳಿದು ನೋಡು, ಗೊತ್ತಾಗುತ್ತೆ. ವೇಗ ಕಳೆದುಕೊಂಡು ಒಳಗೆ ಜಾರುತ್ತೆ. ಮೀಟರ್ ಗಾತ್ರದ್ದು ನೂರಿನ್ನೂರು ವರ್ಷದಲ್ಲಿ ಸ್ವಾಹಾ. ಸಣ್ಣ ದೂಳು ಅನಿಲದ ಜೊತೆಗೇ ತೇಲುತ್ತೆ. ಕಿಲೋಮೀಟರ್ ಗುಡ್ಡ ಗಾಳಿಗೆ ಜಗ್ಗಲ್ಲ. ಪಾಡು ಪಡೋದು ನಡುವಿನದ್ದು.

ಕುಂದಾ_ಪ್ರಿಯ: ಆದರೂ ಸ್ಟೆಪ್ ಒಮ್ಮೆ ನೋಡಿ.

ಗುಮ್ಮಟದ_ಹುಡುಗ: ಹಾಗಾದರೆ ಭೂಮಿ ಹೇಗಾಯ್ತು ಸರ?

ಕನ್ನಡಶಾಲೆ_ಮಾಸ್ತರ: ಅನಿಲದಲ್ಲಿ ಎಲ್ಲೋ ಒತ್ತಡದ ಉಬ್ಬು ಇದ್ದರೆ, ಅದರ ನೆತ್ತಿಯಲ್ಲಿ ಎದುರುಗಾಳಿ ಇಲ್ಲ. ಕಲ್ಲು ಅಲ್ಲೇ ಜಮಾ ಆಗುತ್ತೆ. 2014ರಲ್ಲಿ ಚಿಲಿಯ ಆಲ್ಮಾ ರೇಡಿಯೊ ಟೆಲಿಸ್ಕೋಪು ತೆಗೆದ ಎಚ್‌ಎಲ್ ಟೌರಿ ಅನ್ನೋ ಎಳೆಯ ನಕ್ಷತ್ರದ ಚಿತ್ರದಲ್ಲಿ ಉಂಗುರಗಳಿವೆ ನೋಡು, ಅಂಥವೇ ಇರಬಹುದು. ಇನ್ನೊಂದು: ನಿನ್ನ ಕೋಡ್‌ನಲ್ಲಿ ಅನಿಲ ಕಲ್ಲನ್ನು ತಳ್ಳುತ್ತೆ. ಕಲ್ಲು ಅನಿಲವನ್ನು ತಳ್ಳುತ್ತಾ?

ಗುಮ್ಮಟದ_ಹುಡುಗ: ...ಇಲ್ಲ.

ಕನ್ನಡಶಾಲೆ_ಮಾಸ್ತರ: ಅದನ್ನೂ ಹಾಕು. ಕಲ್ಲು ಗುಂಪಾದರೆ ಅನಿಲವನ್ನೇ ಎಳೆದುಕೊಂಡು ಹೋಗುತ್ತವೆ, ಎದುರುಗಾಳಿ ಇಳಿಯುತ್ತೆ. ಹೊರಗಿಂದ ಜಾರಿ ಬಂದವು ಗುಂಪಿಗೆ ಸೇರುತ್ತವೆ. ಗುಂಪು ದಟ್ಟವಾದರೆ ತನ್ನ ಭಾರಕ್ಕೇ ಕುಸಿದು ಗುಡ್ಡ ಆಗುತ್ತೆ. ಯೂಡಿನ್, ಗುಡ್‌ಮನ್ ಅನ್ನೋ ವಿಜ್ಞಾನಿಗಳು 2005ರಲ್ಲೇ ಹೀಗೆ ಗುಂಪಾಗೋದರ ಲೆಕ್ಕ ಕೊಟ್ಟಿದ್ದಾರೆ.

ಘಟಪ್ರಭಾ_ದಂಡೆ: ನನ್ನ 8 ಇಂಚಿನ ಡಾಬ್ಸೋನಿಯನ್ ಟೆಲಿಸ್ಕೋಪಿನಲ್ಲಿ ಆ ಉಂಗುರ ಕಾಣುತ್ತಾ?

ಕನ್ನಡಶಾಲೆ_ಮಾಸ್ತರ: ಆಲ್ಮಾ ನೋಡೋದು ಕಣ್ಣಿಗೆ ಕಾಣದ ಮಿಲಿಮೀಟರ್ ಅಲೆಗಳನ್ನ. ಆಲಮಟ್ಟಿ ಹಿನ್ನೀರಿಗೆ ಹೊತ್ತುಕೊಂಡು ಹೋದರೂ ಕಾಣಲ್ಲ.

ಗುಮ್ಮಟದ_ಹುಡುಗ: ಸದ್ಯ ಉಬ್ಬು ಮಾತ್ರ ಹಾಕಿದೆ. ಕಲ್ಲು ನಿಂತವು! ಆದರೆ ಈಗ ಡಿಕ್ಕಿ ಹೊಡೆದು ಪುಡಿ ಆಗ್ತಿವೆ.

ಕುಂದಾ_ಪ್ರಿಯ: ಸ್ಟೆಪ್ ಎಷ್ಟು ಇಟ್ಟಿದ್ದೀರಿ?